7.5 ಎಚ್‌ಪಿ ಮೋಟಾರ್ ರಿಪೇರಿಗೆ 23,500 ರೂಪಾಯಿ, ಚೀಟಿಯಲ್ಲಿ ಒಂದೇ ಸಾಲು. ಇದು ನ್ಯಾಯವಾ?

ರೇಷ್ಮೆ ತೋಟ, ನಾಗಮಂಗಲ:

ನಮ್ಮದು ನಾಗಮಂಗಲ ತಾಲ್ಲೂಕು. ಎರಡು ಎಕರೆ ಹಿಪ್ಪುನೇರಳೆ, ಪಕ್ಕದಲ್ಲೇ ಹುಳುಮನೆ. ನಮ್ಮ ಊರಿಗೆ ನಾಲೆ ನೀರಿಲ್ಲ, ಎಲ್ಲಕ್ಕೂ ಒಂದೇ ಬೋರ್‌ವೆಲ್. ಈ ಬೇಸಿಗೆಯಲ್ಲಿ ಅದರ ಮೋಟಾರ್ ಸುಟ್ಟುಹೋಯಿತು. 7.5 ಎಚ್‌ಪಿ, 6 ಇಂಚಿನ ಬೋರ್, ಒಳಗೆ ನೀರು ತುಂಬುವ ಸಬ್‌ಮರ್ಸಿಬಲ್.

ಹುಳು ನಾಲ್ಕನೇ ಜ್ವರದಿಂದ (ಪೊರೆ ಬಿಡುವ ಹಂತ) ಎದ್ದಿತ್ತು. ಸಾಕಿದವರಿಗೆ ಗೊತ್ತು, ಹುಳು ಒಟ್ಟು ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ತಿನ್ನುವುದು ಆಗಲೇ. ಅಂಥ ಹೊತ್ತಲ್ಲಿ ತೋಟ ಬಾಡಿದರೆ ಇಡೀ ಬೆಳೆ ಹೋಯಿತು ಅಂತಲೇ ಲೆಕ್ಕ.

ಬೋರ್‌ವೆಲ್ಲಿನಿಂದ ಮೋಟಾರ್ ಎತ್ತಿದವರು ಹೇಳಿದ ಅಂಗಡಿಗೇ ರಿಪೇರಿಗೆ ಹಾಕಿದೆವು. ಫೋನಿನಲ್ಲಿ ಕೇಳಿದಾಗ "ಹತ್ತು ಹನ್ನೆರಡು ಸಾವಿರದ ಒಳಗೆ ಆಗುತ್ತೆ, ಬಿಚ್ಚಿ ನೋಡಿ ಹೇಳ್ತೀವಿ" ಅಂದರು. ಬಿಚ್ಚಿದ ಮೇಲೆ ಯಾರೂ ಏನೂ ಹೇಳಲಿಲ್ಲ. ನಾವೇ ಫೋನ್ ಮಾಡಿದಾಗ "ಕೆಲಸ ಆಗ್ತಾ ಇದೆ" ಅನ್ನುವ ಮಾತು ಮಾತ್ರ. ತರಲು ಹೋದರೆ 23,500 ಕೇಳಿದರು. ಚೀಟಿಯಲ್ಲಿ "ಮೋಟಾರ್ ರಿಪೇರಿ" ಅಂತ ಒಂದೇ ಸಾಲು, ಕೆಳಗೆ ಮೊತ್ತ. ಅಂಗಡಿ ಹೆಸರಿಲ್ಲ, ಸೀಲಿಲ್ಲ. ಸರಿಯಾದ ಬಿಲ್ ಕೊಡಿ ಅಂದರೆ "ಜಿಎಸ್‌ಟಿ 18 ಪರ್ಸೆಂಟ್ ಸೇರಿ ಇನ್ನೂ 4,230 ಆಗುತ್ತೆ, ಬೇಕಾ?" ಅಂದರು. ಹಣ ಪೂರ್ತಿ ಕೊಡದೆ ಮೋಟಾರ್ ಬಿಡುವುದಿಲ್ಲ ಅಂದರು. ಅಪ್ಪ ಸಂಘದಿಂದ ಸಾಲ ತಂದು ಕೊಟ್ಟರು.

ಮೋಟಾರ್ ಈಗ ಚೆನ್ನಾಗಿ ಓಡುತ್ತಿದೆ, ಅದರಲ್ಲಿ ದೂರಿಲ್ಲ. ಯಾವುದಕ್ಕೆ ಎಷ್ಟು ಕೊಟ್ಟೆವು ಅಂತ ನಮಗೆ ಗೊತ್ತೇ ಆಗಲಿಲ್ಲ, ಹೊಟ್ಟೆ ಉರಿಯುವುದು ಅದಕ್ಕೆ. ಈ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ. ಇಷ್ಟು ಆಗುತ್ತದಾ? ಈಗ ಕೇಳುವ ಹಕ್ಕು ನಮಗಿದೆಯಾ?

ಮದ್ದೂರು ಕಬ್ಬು:

ಅಣ್ಣ, ಇದು ಹಗಲು ದರೋಡೆ. ಹೋದ ವರ್ಷ ನಮ್ಮ 5 ಎಚ್‌ಪಿಗೂ ಹೀಗೇ ಮಾಡಿದರು. ಬೆಳೆ ಒಣಗುತ್ತಿದೆ ಅಂತ ಗೊತ್ತಾದ ತಕ್ಷಣ ರೇಟ್ ಏರುತ್ತದೆ. ಅಂಗಡಿ ಹೆಸರು ಹಾಕಿ, ನಾವೆಲ್ಲ ಸೇರಿ ಕೇಳೋಣ.

ನಿರ್ವಾಹಕ:

ಅಂಗಡಿಯ ಹೆಸರು, ಫೋನ್ ನಂಬರ್, ಬೋರ್ಡಿನ ಫೋಟೋ ಯಾವುದನ್ನೂ ಇಲ್ಲಿ ಹಾಕಬೇಡಿ. ಅವರ ಕಡೆಯ ಮಾತು ನಮ್ಮ ಮುಂದಿಲ್ಲ. ಕೆಲಸ, ದರ, ಕಾನೂನು ಇವನ್ನು ಎಷ್ಟು ಬೇಕಾದರೂ ಮಾತಾಡಿ.

ಕೆ.ಆರ್.ಪೇಟೆ ತೆಂಗು:

ನಮ್ಮ ಕಡೆ ವೈಂಡಿಂಗ್ (ಒಳಗಿನ ತಂತಿ ಹೊಸದಾಗಿ ಸುತ್ತುವುದು) ಮಾತ್ರ ಆದರೆ ಇಷ್ಟು ಆಗುವುದಿಲ್ಲ. ಆದರೆ ಪಂಪ್ ಕಡೆಯೂ ಕೆಲಸ ಆಗಿದ್ದರೆ ಏರುತ್ತದೆ. ನಿಮ್ಮದರಲ್ಲಿ ಬರೀ ಮೋಟಾರಾ, ಪಂಪೂ ಸೇರಿದೆಯಾ? ಮೊದಲು ಅದನ್ನು ತಿಳಿದುಕೊಳ್ಳಿ.

ಇನ್ನೊಂದು ಮಾತು. ಮೋಟಾರ್ ಎತ್ತುವ ತಂಡದವರು ಹೇಳಿದ ಅಂಗಡಿಗೆ ಕಣ್ಣುಮುಚ್ಚಿ ಹಾಕುವ ರೂಢಿಯನ್ನು ನಾವು ಬಿಡಬೇಕು. ಎಲ್ಲರೂ ಕೆಟ್ಟವರಲ್ಲ, ನಮ್ಮೂರಿನ ತಂಡದವರು ಒಳ್ಳೆಯ ಜನ. ಆದರೆ ಎತ್ತಿದವರೇ ಗಾಡಿಗೆ ಹಾಕಿಕೊಂಡು ಹೋದರೆ, ಅಂಗಡಿಯವನ ಜೊತೆ ನಮ್ಮ ಮಾತುಕತೆಯೇ ಆಗಿರುವುದಿಲ್ಲ. ಯಾರು ಒಪ್ಪಿದರು, ಎಷ್ಟಕ್ಕೆ ಒಪ್ಪಿದರು ಅನ್ನುವುದಕ್ಕೆ ಆಮೇಲೆ ಸಾಕ್ಷಿ ಇರುವುದಿಲ್ಲ.

ವೈಂಡಿಂಗ್ ಕೆಲಸ, ಮೈಸೂರು:

ನಾನು ಇದೇ ಕೆಲಸ ಮಾಡುವವನು, ಮೈಸೂರಿನಲ್ಲಿ ಚಿಕ್ಕ ಅಂಗಡಿ. ಅಂಗಡಿಯವರ ಪರ ವಾದ ಮಾಡಲು ಬಂದಿಲ್ಲ. ಆದರೆ ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿದ್ದರೆ ನೀವು ಸರಿಯಾದ ಪ್ರಶ್ನೆ ಕೇಳಬಹುದು.

ನೀರು ತುಂಬುವ ಮೋಟಾರಿಗೆ ಮಾಮೂಲಿ ಎನಾಮಲ್ ತಂತಿ ಬಳಸುವುದಿಲ್ಲ. ತಾಮ್ರದ ಮೇಲೆ ಪ್ಲಾಸ್ಟಿಕ್ ಪದರ ಸುತ್ತಿದ ಪಾಲಿ ವೈರ್ ಬೇಕು. ಮನೆಯ ಪಂಪಿನ ಕಾಯಿಲ್ ಆದರೆ ಅಚ್ಚಿನಲ್ಲಿ ಸುತ್ತಿ ಸ್ಲಾಟಿಗೆ ಇಳಿಸಿದರೆ ಆಯಿತು. ಇದರಲ್ಲಿ ತಂತಿಯನ್ನು ಸ್ಟೇಟರಿನ (ಮೋಟಾರಿನ ತಿರುಗದ ಭಾಗ) ತೂತುಗಳ ಒಳಗೆ ಒಂದೊಂದೇ ಸುತ್ತು ಕೈಯಲ್ಲಿ ಎಳೆಯಬೇಕು. ಎಳೆಯುವಾಗ ಪದರ ಎಲ್ಲಾದರೂ ಗೀಚಿದರೆ ನೀರಿಗೆ ಇಳಿಸಿದ ಮೇಲೆ ಅಲ್ಲೇ ಶಾರ್ಟ್. ಅದಕ್ಕೇ ಒಳ್ಳೆಯ ಕೆಲಸಗಾರ ಅವಸರ ಮಾಡುವುದಿಲ್ಲ. ಮುಗಿದ ಮೇಲೆ ನೀರಿನಲ್ಲಿ ನೆನೆಸಿಟ್ಟು, ಕರೆಂಟ್ ಸೋರುತ್ತದಾ ಅಂತ ಅಳೆಯುವ ಮೆಗ್ಗರ್ ಹಾಕಿ ನೋಡುತ್ತಾನೆ. ಕೂಲಿ ಜಾಸ್ತಿ ಆಗುವುದು ಇದರಿಂದಲೇ, ಅದು ನ್ಯಾಯವಾದ ಕೂಲಿ.

ತಾಮ್ರದ ಬೆಲೆಯೂ ಏರಿದೆ. 2024ರ ಮೇ ತಿಂಗಳಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ಟನ್ನಿಗೆ 10,000 ಡಾಲರ್ ದಾಟಿತ್ತು. ಆ ಬಿಸಿ ನಮ್ಮ ಅಂಗಡಿಗೂ ಬರುತ್ತದೆ.

ಇನ್ನು ನೀವು ಕೇಳಬೇಕಾದ್ದು. ಹಳೆ ತಂತಿ ಎಲ್ಲಿ? ಬಿಚ್ಚಿದ ತಂತಿಯನ್ನು ತಕ್ಕಡಿಗೆ ಹಾಕಿದರೆ ಹೊಸದು ಎಷ್ಟು ಹಿಡಿಯಿತು ಅನ್ನುವುದಕ್ಕೆ ಹೆಚ್ಚು ಕಡಿಮೆ ಲೆಕ್ಕ ಸಿಗುತ್ತದೆ. ಗೇಜ್ ಅದೇ, ಸುತ್ತು ಅಷ್ಟೇ ಇದ್ದರೆ ತೂಕ ದೂರ ಹೋಗುವುದಿಲ್ಲ. 4 ಕೆಜಿ ಬಿಚ್ಚಿ 6 ಕೆಜಿ ಬಿಲ್ ಹಾಕಿದರೆ ಅಲ್ಲೇ ಗೊತ್ತಾಗುತ್ತದೆ. ಕೆಲವು ಕಡೆ ತಾಮ್ರ ಅಂತ ಹೇಳಿ ಅಲ್ಯೂಮಿನಿಯಂ ಹಾಕುವುದೂ ಉಂಟು. ಅದರ ತೂಕ ತಾಮ್ರದ ಮೂರನೇ ಒಂದು ಪಾಲಿಗಿಂತ ಕಡಿಮೆ, ಕರೆಂಟ್ ಒಯ್ಯುವ ಶಕ್ತಿಯೂ ಸುಮಾರು 60 ಪರ್ಸೆಂಟ್ ಅಷ್ಟೇ.

ಹಳೆ ತಾಮ್ರ ನಿಮ್ಮ ಸೊತ್ತು. ಅದನ್ನು ಅಂಗಡಿಯವರು ಇಟ್ಟುಕೊಂಡರೆ ಅಷ್ಟು ಹಣ ಕಳೆಯಬೇಕು. ನಮ್ಮಲ್ಲಿ ಮೊದಲೇ ಕೇಳುತ್ತೇವೆ: ಒಯ್ಯುತ್ತೀರಾ, ಕೂಲಿಯಲ್ಲಿ ಕಳೆಯೋಣವಾ? ಕೇಳದೆ ಇಟ್ಟುಕೊಂಡರೆ ಅದು ತಪ್ಪು. ಈ ಮಾತನ್ನು ನಮ್ಮ ಕಸುಬಿನವರ ಮುಂದೆಯೂ ಹೇಳುತ್ತೇನೆ.

ಬುಷ್ (ಶಾಫ್ಟ್ ಒಳಗೆ ತಿರುಗುವ ಬಳೆ), ಥ್ರಸ್ಟ್ ಬೇರಿಂಗ್ (ಶಾಫ್ಟಿನ ಭಾರ ಹೊರುವ ಭಾಗ), ಸೀಲ್ ಬದಲಿಸಿದ್ದರೆ ಹಳೆಯದನ್ನು ತೋರಿಸಲೇಬೇಕು. ಸವೆದ ಬುಷ್ ಕೈಗೆ ತೆಗೆದುಕೊಂಡು ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ.

ರೇಷ್ಮೆ ತೋಟ, ನಾಗಮಂಗಲ:

ಅಣ್ಣ, ತುಂಬಾ ಉಪಕಾರ ಆಯಿತು. ಹಳೆ ತಂತಿ ಕೊಡಲಿಲ್ಲ, ಅದರ ಮಾತೇ ಬರಲಿಲ್ಲ. ಪಂಪನ್ನೂ ಜೊತೆಗೇ ಕೊಟ್ಟಿದ್ದೆವು, ಆದರೆ ಅದರ ಕೆಲಸ ಮಾಡಿ ಅಂತ ಹೇಳಿರಲಿಲ್ಲ. ಮೋಟಾರ್ ಯಾಕೆ ಸುಟ್ಟಿತು ಅಂತ ಕೇಳಿದರೆ "ವೋಲ್ಟೇಜ್" ಅಂದರು. ಅದನ್ನು ನಂಬಬಹುದಾ?

ವೈಂಡಿಂಗ್ ಕೆಲಸ, ಮೈಸೂರು:

ಬಿಚ್ಚಿದ ಕೂಡಲೇ ಫೋಟೋ ತೆಗೆದಿದ್ದರೆ ಹೇಳಬಹುದಿತ್ತು. ಸುಟ್ಟ ಕಾಯಿಲೇ ಕಾರಣ ಹೇಳುತ್ತದೆ. ಈ ಮೋಟಾರಿಗೆ ಕರೆಂಟ್ ಮೂರು ಫೇಸಿನಲ್ಲಿ, ಅಂದರೆ ಮೂರು ಲೈನಿನಲ್ಲಿ ಬರುತ್ತದೆ; ಕಾಯಿಲ್ ಜೋಡಿಸುವ ಎರಡು ವಿಧ ಸ್ಟಾರ್, ಡೆಲ್ಟಾ. ಸ್ಟಾರ್ ಕನೆಕ್ಷನ್ ಮೋಟಾರಿನಲ್ಲಿ ಎರಡು ಫೇಸಿನ ಕಾಯಿಲ್ ಕಪ್ಪಾಗಿ ಮೂರನೆಯದು ಹೊಸದರಂತೆ ಉಳಿದಿದ್ದರೆ ಒಂದು ಫೇಸ್ ತಪ್ಪಿಹೋಗಿತ್ತು ಅಂತ ಅರ್ಥ. ಡೆಲ್ಟಾ ಆದರೆ ಒಂದೇ ಫೇಸ್ ಸುಡುತ್ತದೆ. ಮೂರೂ ಒಂದೇ ಸಮ ಸುಟ್ಟಿದ್ದರೆ ಓವರ್‌ಲೋಡ್, ಕಡಿಮೆ ವೋಲ್ಟೇಜ್, ಅಥವಾ ಬೋರಿನಲ್ಲಿ ನೀರು ಇಳಿದು ತಂಪಾಗದೆ ಬಿಸಿಯಾದದ್ದು. ಎಲ್ಲೋ ಒಂದು ಕಡೆ ಮಾತ್ರ ತೂತು ಬಿದ್ದಿದ್ದರೆ ಅಲ್ಲಿ ಪದರ ಗೀಚಿರಬಹುದು, ಸಿಡಿಲೂ ಆಗಿರಬಹುದು. ಈ ಫೋಟೋವನ್ನು ಅಂಗಡಿಯವರೇ ಕಳಿಸಬೇಕು ಅಂತ ಕೇಳಿ. ಈಗ ಎಲ್ಲರ ಕೈಯಲ್ಲೂ ಫೋನ್ ಇದೆ.

ನಿವೃತ್ತ ಲೈನ್‌ಮನ್, ಪಾಂಡವಪುರ:

ಕರೆಂಟಿನ ಮಾತು ಬಂತು ಅಂತ ಹೇಳುತ್ತೇನೆ. ಚೆಸ್ಕಾಂ (ನಮ್ಮ ಭಾಗದ ವಿದ್ಯುತ್ ಕಂಪನಿ) ಲೈನಿನಲ್ಲಿ ಕೆಲಸ ಮಾಡಿದವನು ನಾನು. ಹಳ್ಳಿಗಳಲ್ಲಿ ಮೋಟಾರ್ ಸುಡುವುದು ಹೆಚ್ಚಾಗಿ ಒಂದು ಫೇಸ್ ತಪ್ಪಿದಾಗ. ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರ್) ಒಂದು ಫ್ಯೂಸ್ ಹೋಗಿರುತ್ತದೆ, ಉಳಿದ ಎರಡರಲ್ಲಿ ಮೋಟಾರ್ ಮುಲುಗುತ್ತಾ ನಿಂತಿರುತ್ತದೆ. ರೈತ ಮನೆಯಲ್ಲಿರುತ್ತಾನೆ, ಆಟೋ ಸ್ಟಾರ್ಟರ್ ತನ್ನ ಪಾಡಿಗೆ ಆನ್ ಮಾಡಿರುತ್ತದೆ. 3 ಫೇಸ್ ಯಾವ ಹೊತ್ತಿಗೆ ಬರುತ್ತದೆ ಅಂತ ಕಾಯಲಾಗದೆ ಆಟೋ ಹಾಕುತ್ತಾರೆ, ಅದನ್ನು ತಪ್ಪು ಅನ್ನಲಾರೆ. ಆದರೆ ಆಟೋ ಇದ್ದರೆ ಜೊತೆಗೆ, ಒಂದು ಫೇಸ್ ತಪ್ಪಿದ ಕೂಡಲೇ ಮೋಟಾರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಇರಲೇಬೇಕು. ಕರೆಂಟ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ ಓವರ್‌ಲೋಡ್ ರಿಲೇಯನ್ನು ಮೋಟಾರಿನ ಪ್ಲೇಟಿನಲ್ಲಿರುವ ಆಂಪಿಯರಿಗೆ ಇಡಬೇಕು. ಟ್ರಿಪ್ ಆಗುತ್ತೆ ಅಂತ ರಿಲೇ ತಿರುಗಿಸಿ ಜಾಸ್ತಿ ಮಾಡುವುದು, ಬೈಪಾಸ್ ಮಾಡುವುದು, ಎರಡನ್ನೂ ಬಹಳ ನೋಡಿದ್ದೇನೆ. ಮುಂದಿನ ಸಲ ಕಾಯಿಲ್ ಸುಡುವುದು ಅದರಿಂದಲೇ.

ಕೆಪಾಸಿಟರ್ ಹಾಕಿ 3 ಫೇಸ್ ಮೋಟಾರನ್ನು ಸಿಂಗಲ್ ಫೇಸಿನಲ್ಲಿ ಓಡಿಸುವವರೂ ಇದ್ದಾರೆ. ಮೂರು ಕಾಯಿಲಿಗೂ ಸಮ ಕರೆಂಟ್ ಹೋಗುವುದಿಲ್ಲ, ಬಿಸಿ ಏರುತ್ತದೆ. ಮೋಟಾರ್ ಬಿಸಿ 10 ಡಿಗ್ರಿ ಏರಿದರೆ ಇನ್ಸುಲೇಶನ್ ಆಯುಸ್ಸು ಅರ್ಧ ಆಗುತ್ತೆ ಅಂತ ನಮಗೆ ತರಬೇತಿಯಲ್ಲಿ ಹೇಳುತ್ತಿದ್ದರು.

10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಬಿಲ್ ಇಲ್ಲ ನಿಜ. ಹಾಗಂತ ವೋಲ್ಟೇಜ್ ಸರಿ ಇಲ್ಲದಿದ್ದರೆ ದೂರು ಕೊಡಲು ಹಿಂಜರಿಯಬೇಡಿ. 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಬರೀ ಬಾಯಲ್ಲಿ ಲೈನ್‌ಮನ್‌ಗೆ ಹೇಳಿದರೆ ಎಲ್ಲೂ ದಾಖಲಾಗುವುದಿಲ್ಲ.

ಮದ್ದೂರು ಕಬ್ಬು:

ಎಲ್ಲ ಸರಿ. ಆದರೆ ದುಡ್ಡು ಕೊಟ್ಟು ಬಂದಾಗಿದೆ. ಈಗ ಹೋಗಿ ಕೇಳಿದರೆ ಬಾಗಿಲಲ್ಲೇ ನಿಲ್ಲಿಸಿ ಕಳಿಸುತ್ತಾರೆ. ರೈತರು ಒಂದಾಗಿ ಹೋಗಿ ಅಂಗಡಿ ಮುಂದೆ ಕೂತರೆ ಮಾತ್ರ ಇವರಿಗೆ ಅರ್ಥ ಆಗುವುದು.

ಗಿರಣಿ ನಡೆಸುವವಳು, ಮೈಸೂರು:

ಮದ್ದೂರಿನ ಅಣ್ಣನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಬೇರೆ ದಾರಿ ಇದೆ ಅಂತ ಹೇಳಬೇಕು. ನಾನು ಹಿಟ್ಟಿನ ಗಿರಣಿ ನಡೆಸುತ್ತೇನೆ. ಮೋಟಾರ್ ನಿಂತರೆ ನನ್ನ ದುಡಿಮೆ ನಿಂತಂತೆ, ನಿಮ್ಮಷ್ಟೇ ಅವಸರ ನನಗೂ ಇರುತ್ತದೆ. ಹೆಂಗಸು ಅಂತ ಮೊದಮೊದಲು ಅಂಗಡಿಗಳಲ್ಲಿ ಉತ್ತರವನ್ನೇ ಕೊಡುತ್ತಿರಲಿಲ್ಲ, ಮನೆಯಲ್ಲಿ ಗಂಡಸರು ಇದ್ದರೆ ಕಳಿಸಿ ಅನ್ನುತ್ತಿದ್ದರು.

ಈಗ ನಾನು ಮೋಟಾರ್ ಕೆಳಗಿಳಿಸುವ ಮೊದಲೇ ಒಂದು ಮಾತು ಹೇಳುತ್ತೇನೆ: "ಬಿಚ್ಚಿ, ನೋಡಿ, ನಿಲ್ಲಿಸಿ. ನಾನು ಹೂಂ ಅನ್ನುವವರೆಗೆ ಮುಂದಿನ ಕೆಲಸ ಬೇಡ. ಬಿಚ್ಚಿ ನೋಡಿದ ಕೂಲಿ ಎಷ್ಟು ಅಂತ ಈಗಲೇ ಹೇಳಿ, ಕೆಲಸ ಬೇಡ ಅಂದರೂ ಅದನ್ನು ಕೊಡುತ್ತೇನೆ." ಈ ಕೊನೆಯ ಮಾತು ಬಹಳ ಮುಖ್ಯ. ಬಿಚ್ಚಿ ನೋಡುವುದೂ ಕೆಲಸವೇ ಅಲ್ವಾ? ಅದಕ್ಕೆ ಹಣ ಸಿಗುತ್ತೆ ಅಂತ ಗೊತ್ತಾದರೆ ಅಂಗಡಿಯವರೂ ಸಮಾಧಾನದಲ್ಲಿ ಉತ್ತರ ಕೊಡುತ್ತಾರೆ. ಆಮೇಲೆ ಅವರು ಹೇಳಿದ ಲೆಕ್ಕವನ್ನು ವಾಟ್ಸಾಪಿನಲ್ಲಿ ಕಳಿಸಿ ಅನ್ನುತ್ತೇನೆ. ಅದು ಬಂದ ಮೇಲೆ "ಸರಿ, ಮಾಡಿ" ಅಂತ ಬರೆಯುತ್ತೇನೆ. ಆಮೇಲೆ ದರದ ಬಗ್ಗೆ ಜಗಳ ಬಂದದ್ದಿಲ್ಲ.

ಲೆಕ್ಕ ಬರೆಯುವವ, ಮಂಡ್ಯ:

ಆ 4,230 ರೂಪಾಯಿಯ ಮಾತು ಬಿಡಬೇಡಿ. ಮಂಡ್ಯದಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯುವುದೇ ನನ್ನ ಕೆಲಸ.

ರಿಪೇರಿ ಸೇವೆಗೆ ಜಿಎಸ್‌ಟಿ 18 ಪರ್ಸೆಂಟ್, ಅದು ನಿಜ. ಆದರೆ ವರ್ಷದ ವಹಿವಾಟು 20 ಲಕ್ಷದ ಒಳಗಿದ್ದರೆ ಸೇವೆ ಕೊಡುವವರು ಸಾಮಾನ್ಯವಾಗಿ ನೋಂದಣಿ ಮಾಡಿಸಬೇಕಾಗಿಲ್ಲ. ನೋಂದಣಿ ಇಲ್ಲದವರು ಗ್ರಾಹಕರಿಂದ ಜಿಎಸ್‌ಟಿ ವಸೂಲಿ ಮಾಡುವ ಹಾಗೇ ಇಲ್ಲ. ವಹಿವಾಟಿನ ಮೇಲೆ ಸಣ್ಣ ಪಾಲು ತೆರಿಗೆ ಕಟ್ಟುವ ಕಾಂಪೊಸಿಷನ್ ಪದ್ಧತಿಯಲ್ಲಿ ಇರುವವರೂ ಪ್ರತ್ಯೇಕವಾಗಿ ವಸೂಲಿ ಮಾಡುವಂತಿಲ್ಲ. ಮಾಮೂಲಿ ನೋಂದಣಿ ಇದ್ದರೆ ತೆರಿಗೆ ಕಟ್ಟುವುದು ಅವರ ಕೆಲಸ, ನೀವು ಬಿಲ್ ಕೇಳಿದರೂ ಕೇಳದಿದ್ದರೂ. "ಬಿಲ್ ಬೇಕಾದರೆ ಜಾಸ್ತಿ" ಅನ್ನುವ ಮಾತಿಗೆ ಯಾವ ನೆಲೆಯೂ ಇಲ್ಲ.

ಜಿಎಸ್‌ಟಿ ನಂಬರ್ ಕೇಳಿ. 15 ಅಕ್ಷರ ಅಂಕಿಗಳ ನಂಬರ್, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಜಾಲತಾಣದಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯಾ ಅಂತ ಅಲ್ಲೇ ಗೊತ್ತಾಗುತ್ತದೆ. ನಂಬರ್ ಇಲ್ಲ ಅಂದರೆ ಬೇಡ, ಸಾದಾ ಬಿಲ್ ಕೊಡಲಿ. ಹೆಸರು, ತಾರೀಖು, ಯಾವುದಕ್ಕೆ ಎಷ್ಟು, ಸಹಿ. ಅದಕ್ಕೆ ಒಂದು ರೂಪಾಯಿಯೂ ಜಾಸ್ತಿ ಆಗುವುದಿಲ್ಲ.

ವಕೀಲ, ಮಂಡ್ಯ:

ಕಾನೂನಿನ ಭಾಗ ನಾನು ಹೇಳುತ್ತೇನೆ. ಮೊದಲು ಕಹಿಯಾದದ್ದು. ಹಣ ಕೊಡುವವರೆಗೆ ಮೋಟಾರ್ ಹಿಡಿದಿಟ್ಟುಕೊಳ್ಳುವ ಹಕ್ಕು ರಿಪೇರಿ ಮಾಡಿದವನಿಗೆ ಇದೆ. 1872ರ ಕರಾರು ಕಾಯ್ದೆಯ 170ನೇ ಕಲಂ. ನೀವು ಕೊಟ್ಟ ವಸ್ತುವಿನ ಮೇಲೆ ಒಬ್ಬ ತನ್ನ ಶ್ರಮ, ಕೌಶಲ ಹಾಕಿ ಕೆಲಸ ಮುಗಿಸಿದ್ದರೆ, ಅದರ ಕೂಲಿ ಬರುವವರೆಗೆ ವಸ್ತುವನ್ನು ಇಟ್ಟುಕೊಳ್ಳಬಹುದು. ಆ ಕಾಯ್ದೆಯೇ ಉದಾಹರಣೆ ಕೊಡುತ್ತದೆ: ವಜ್ರ ಕೆತ್ತಿ ಹೊಳಪು ಮಾಡಲು ಕೊಟ್ಟರೆ ಕೂಲಿ ಸಿಗುವವರೆಗೆ ಅಕ್ಕಸಾಲಿ ಅದನ್ನು ಇಟ್ಟುಕೊಳ್ಳಬಹುದು. ಅದೇ ದರ್ಜಿ, ಹೊಲಿದ ಕೂಡಲೇ ಕೋಟು ಕೊಡುತ್ತೇನೆ, ಹಣಕ್ಕೆ ಮೂರು ತಿಂಗಳು ಸಮಯ ಅಂತ ಒಪ್ಪಿದ್ದರೆ, ಅವನು ಕೋಟನ್ನು ಹಿಡಿದಿಡುವಂತಿಲ್ಲ. ಹಾಗಾಗಿ ಅಂಗಡಿ ಮುಂದೆ ಕೂರುವುದು, ಬಲವಂತವಾಗಿ ತರುವುದು ಬೇಡ. ನಿಮ್ಮ ಕಡೆಯ ನ್ಯಾಯವೇ ಹಾಳಾಗುತ್ತದೆ.

ಆದರೆ ಈ ಹಕ್ಕು ನೀವು ಒಪ್ಪಿದ ಕೆಲಸದ ನ್ಯಾಯವಾದ ಕೂಲಿಗೆ. ಹೇಳದ ಕೆಲಸ ಮಾಡಿ ಅದರ ಹಣಕ್ಕೂ ಹಿಡಿದಿಟ್ಟರೆ ಅದನ್ನು ಪ್ರಶ್ನಿಸಬಹುದು. ಅವಸರ ಇದ್ದಾಗ "ತಕರಾರು ಇಟ್ಟುಕೊಂಡು ಹಣ ಕೊಟ್ಟಿದ್ದೇನೆ" ಅಂತ ಒಂದು ಮೆಸೇಜ್ ಕಳಿಸಿ ಹಣ ಕೊಡುವುದು ಒಳ್ಳೆಯದು. ಕೊಟ್ಟ ಮಾತ್ರಕ್ಕೆ ಕೇಳುವ ಹಕ್ಕು ಹೋಗುವುದಿಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಿಂದ ಜಾರಿಯಲ್ಲಿದೆ. ಸೇವೆಗೆ ಬಿಲ್ ಅಥವಾ ರಶೀದಿ ಕೊಡದಿರುವುದನ್ನು ಅದು ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲೇ ಸೇರಿಸಿದೆ. ಹೊಟ್ಟೆಪಾಡಿಗೆ ಸ್ವಂತ ದುಡಿಮೆ ಮಾಡುವ ರೈತ, ಗಿರಣಿಯವರು ಇವರೆಲ್ಲ ಗ್ರಾಹಕರೇ. "ನೀವು ವ್ಯಾಪಾರಕ್ಕೆ ಬಳಸುತ್ತೀರಿ" ಅಂತ ಅವರು ವಾದ ಮಾಡಿದರೆ ಹೆದರಬೇಡಿ.

ಮೊದಲು 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಮಂಡ್ಯದಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರನ್ನು ಇಡಲೇಬೇಕು ಅಂತಿಲ್ಲ. ಘಟನೆ ನಡೆದ ಎರಡು ವರ್ಷದೊಳಗೆ ಹಾಕಬೇಕು. ತೀರ್ಪಿಗೆ ಕಾಯ್ದೆಯಲ್ಲಿ 3ರಿಂದ 5 ತಿಂಗಳ ಗುರಿ ಇದೆ, ನಿಜದಲ್ಲಿ ಜಾಸ್ತಿಯೇ ಹಿಡಿಯುತ್ತದೆ. ಅದಕ್ಕೇ ಮೊದಲು ಅಂಗಡಿಗೆ ಹೋಗಿ ಲಿಖಿತವಾಗಿ ವಿವರ ಕೇಳಿ. ದರ ಹೆಚ್ಚೋ ಕಡಿಮೆಯೋ ಅನ್ನುವ ವಾದ ಆಯೋಗದಲ್ಲಿ ನಿಲ್ಲುವುದು ಕಷ್ಟ, ಯಾಕೆಂದರೆ ರಿಪೇರಿಗೆ ಸರ್ಕಾರಿ ದರ ಇಲ್ಲ. ಹೇಳದೆ ಮಾಡಿದರು, ಹಳೆ ಸಾಮಾನು ಕೊಡಲಿಲ್ಲ, ಬಿಲ್ ಕೊಡಲಿಲ್ಲ, ಈ ಮೂರು ಚೆನ್ನಾಗಿ ನಿಲ್ಲುತ್ತವೆ.

ಕೆ.ಆರ್.ಪೇಟೆ ತೆಂಗು:

ವಕೀಲರೇ, ಇದನ್ನು ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಕಂಪನಿಯವರು ಬಿಡಿಭಾಗವೇ ಕೊಡದಿದ್ದರೆ ಅದಕ್ಕೂ ದಾರಿ ಇದೆಯಾ? ನಮ್ಮ ಪವರ್ ಟಿಲ್ಲರಿಗೆ ಆ ತೊಂದರೆ.

ವಕೀಲ, ಮಂಡ್ಯ:

2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರೈಟ್ ಟು ರಿಪೇರ್ ಅಂತ ಒಂದು ಜಾಲತಾಣ ತೆರೆದಿದೆ. ಕೃಷಿ ಉಪಕರಣ ಅದರಲ್ಲಿ ಸೇರಿದೆ. ಕಂಪನಿಗಳ ಸರ್ವಿಸ್ ಸೆಂಟರ್, ಬಿಡಿಭಾಗ, ವಾರಂಟಿಯ ವಿವರ ಅಲ್ಲಿ ಹುಡುಕಬಹುದು. ಅದು ಕೋರ್ಟ್ ಅಲ್ಲ, ಮಾಹಿತಿಗೆ ಅಷ್ಟೇ. ದೂರಿಗೆ 1915.

ಮದ್ದೂರು ಕಬ್ಬು:

ಬಲವಂತ ಮಾಡಿ ಅಂತ ನಾನೂ ಹೇಳಲಿಲ್ಲ. ಆದರೆ ಒಬ್ಬನೇ ಹೋದರೆ ಕೇಳುವುದಿಲ್ಲ ಅನ್ನುವ ಮಾತಿಗೆ ಈಗಲೂ ಬದ್ಧ. ಜೊತೆಗೆ ಒಬ್ಬ ತಿಳಿದವರನ್ನು ಕರೆದುಕೊಂಡು ಹೋಗಿ ಅಣ್ಣ.

ರೇಷ್ಮೆ ತೋಟ, ನಾಗಮಂಗಲ:

ಹೋಗಿ ಬಂದೆ. ಊರಿನ ಒಬ್ಬರು ಹಳೆಯ ಮೆಕ್ಯಾನಿಕ್ ಜೊತೆಗೆ ಬಂದರು. ಮೊದಲು ಅಂಗಡಿಯವರು ಸಿಟ್ಟು ಮಾಡಿಕೊಂಡರು, "ಮೋಟಾರ್ ಓಡ್ತಾ ಇದೆಯಲ್ಲ, ಇನ್ನೇನು?" ಅಂದರು. ನಾವು ದನಿ ಏರಿಸಲಿಲ್ಲ. ಹಣ ವಾಪಸ್ ಕೊಡಿ ಅಂತಲೂ ಶುರು ಮಾಡಲಿಲ್ಲ. ಯಾವುದಕ್ಕೆ ಎಷ್ಟು ಅಂತ ಬರೆದುಕೊಡಿ ಅಂತ ಮಾತ್ರ ಕೇಳಿದೆವು. ಆಮೇಲೆ ಕೂತು ಬರೆದರು.

ವೈಂಡಿಂಗ್ ತಂತಿ 6.5 ಕೆಜಿ, ಕೆಜಿಗೆ 1,150ರಂತೆ 7,475. ವೈಂಡಿಂಗ್ ಕೂಲಿ 4,000. ಬುಷ್ ಸೆಟ್ 1,400, ಥ್ರಸ್ಟ್ ಬೇರಿಂಗ್ ಸೆಟ್ 2,800, ಸೀಲ್ ಮತ್ತು ಸಣ್ಣಪುಟ್ಟ 650, ಕೇಬಲ್ ಜಾಯಿಂಟ್ 500. ಶಾಫ್ಟ್ ಸ್ಲೀವ್, ಲೇತ್ ಕೆಲಸ 1,375. ಪಂಪಿನಲ್ಲಿ 4 ಇಂಪೆಲ್ಲರ್ (ನೀರು ತಳ್ಳುವ ಚಕ್ರ), ಒಂದಕ್ಕೆ 450ರಂತೆ 1,800. ಪಂಪ್ ಓವರ್‌ಹಾಲ್ 3,500. ಕೂಡಿದರೆ ಸರಿಯಾಗಿ 23,500.

ಹಳೆ ಥ್ರಸ್ಟ್ ಬೇರಿಂಗ್ ತೋರಿಸಿದರು, ನಿಜಕ್ಕೂ ಒಡೆದು ಚೂರಾಗಿತ್ತು. ಬುಷ್ ಸವೆದಿತ್ತು. ಮೆಕ್ಯಾನಿಕ್ ಕೂಡ ಇದು ಬದಲಿಸಲೇಬೇಕಿತ್ತು ಅಂದರು. ಇಂಪೆಲ್ಲರ್ ನಾಲ್ಕರಲ್ಲಿ ಎರಡು ಮಾತ್ರ ಸಿಕ್ಕವು. ಹಳೆ ತಂತಿಯನ್ನು ಗುಜರಿಗೆ ಹಾಕಿಬಿಟ್ಟಿದ್ದರು.

ಕೊನೆಗೆ ತಂತಿಗೆ 3,000, ತೋರಿಸಲಾಗದ ಎರಡು ಇಂಪೆಲ್ಲರಿಗೆ 900, ಒಟ್ಟು 3,900 ವಾಪಸ್ ಕೊಟ್ಟರು. ಅಂಗಡಿಯ ಸೀಲ್ ಹಾಕಿ ಬಿಲ್ ಕೊಟ್ಟರು. ಜಿಎಸ್‌ಟಿ ನಂಬರ್ ಕೇಳಿದಾಗ ನೋಂದಣಿ ಇಲ್ಲ ಅಂದರು, 4,230ರ ಮಾತು ಅಲ್ಲಿಗೆ ನಿಂತಿತು. ವೈಂಡಿಂಗಿಗೆ ಆರು ತಿಂಗಳ ಗ್ಯಾರಂಟಿ ಅಂತ ಬಿಲ್ಲಿನ ಮೇಲೇ ಬರೆಸಿಕೊಂಡೆವು.

ಆ 3,500 ಓವರ್‌ಹಾಲ್ ಮಾತ್ರ ನನಗೆ ಒಪ್ಪಿಗೆ ಇಲ್ಲ. ಪಂಪ್ ಬಿಚ್ಚುವ ಮೊದಲು ಒಂದು ಫೋನ್ ಮಾಡಬಹುದಿತ್ತು. ಅವರು ಅದರಲ್ಲಿ ಒಂದು ಪೈಸೆಯೂ ಬಿಡಲಿಲ್ಲ. ಅದಕ್ಕೆ 1915ರಲ್ಲಿ ದೂರು ದಾಖಲಿಸಿದ್ದೇನೆ.

ವೈಂಡಿಂಗ್ ಕೆಲಸ, ಮೈಸೂರು:

ಲೆಕ್ಕ ನೋಡಿದೆ. ತಂತಿ ದರ ನನಗೆ ಅತಿ ಅನ್ನಿಸುವುದಿಲ್ಲ. ತೂಕ ಸರಿಯೇ ಅಂತ ಹೇಳಲು ಹಳೆ ತಂತಿಯೇ ಇಲ್ಲವಲ್ಲ, ಬೇಜಾರಾಗುವುದು ಅದಕ್ಕೆ. ಕೂಲಿ 4,000 ನಾನು ಕೇಳುವುದಕ್ಕಿಂತ ಜಾಸ್ತಿ, ಆದರೆ ಬೇಸಿಗೆಯಲ್ಲಿ ರಾತ್ರಿ ಕೂತು ಮಾಡಿಸಿದ್ದರೆ ಅದನ್ನು ತಪ್ಪು ಅನ್ನಲಾರೆ. ಹುಳು ಇದೆ ಅಂತ ನಿಮಗೆ ಬೇಗ ಮಾಡಿಕೊಟ್ಟಿದ್ದಾರೆ.

ಓವರ್‌ಹಾಲ್ ವಿಷಯದಲ್ಲಿ ನಿಮ್ಮ ಮಾತೇ ಸರಿ. ಥ್ರಸ್ಟ್ ಬೇರಿಂಗ್ ಒಡೆದಿದ್ದರೆ ಶಾಫ್ಟ್ ಕೆಳಗೆ ಕೂರುತ್ತದೆ, ಇಂಪೆಲ್ಲರ್ ತನ್ನ ಸುತ್ತಲಿನ ಬೌಲಿಗೆ ಉಜ್ಜುತ್ತದೆ. ಪಂಪ್ ಬಿಚ್ಚಿ ನೋಡುವುದು ಬುದ್ಧಿವಂತಿಕೆಯೇ. ಆದರೆ ನೋಡಿ, ನಿಲ್ಲಿಸಿ, ಕೇಳಬೇಕಿತ್ತು. ಅದೂ ಅಲ್ಲದೆ ಇಂಪೆಲ್ಲರ್ ಬೆಲೆ ಬೇರೆ ಹಾಕಿದ ಮೇಲೆ ಓವರ್‌ಹಾಲ್ ಅಂದರೆ ಬರೀ ಬಿಚ್ಚಿ ಜೋಡಿಸಿದ ಕೂಲಿ. ಅದಕ್ಕೆ 3,500 ಜಾಸ್ತಿ. ದೂರಿನಲ್ಲಿ ಈ ಮಾತು ಬರೆಯಿರಿ.

ಇನ್ನೊಂದು. ಥ್ರಸ್ಟ್ ಬೇರಿಂಗ್ ಸುಮ್ನೆ ಒಡೆಯುವುದಿಲ್ಲ. ಬೋರಿನಲ್ಲಿ ಮರಳು ಬರುತ್ತಿದೆಯಾ, ನೀರು ಕಡಿಮೆಯಾಗಿ ಮೋಟಾರ್ ಒಣಗಿ ಓಡುತ್ತಿದೆಯಾ ಅಂತ ನೋಡಿಸಿ. ನೀರು ಇಳಿದರೆ ತಾನೇ ನಿಲ್ಲುವ ಡ್ರೈ ರನ್ ರಿಲೇ ಸ್ಟಾರ್ಟರಿಗೆ ಹಾಕಿಸಿ. ಮೋಟಾರ್ ಇಳಿಸುವ ಮುಂಚೆ ಒಳಗೆ ಶುದ್ಧ ನೀರು ತುಂಬಿಸಿದರಾ ಅಂತಲೂ ಎದುರಿಗೇ ನಿಂತು ನೋಡಬೇಕು. ಅವಸರದಲ್ಲಿ ಕೆರೆ ನೀರು, ಮರಳು ನೀರು ತುಂಬಿದರೆ ಹೊಸ ಬುಷ್ ಬೇಗ ಸವೆಯುತ್ತದೆ.

ನಿವೃತ್ತ ಲೈನ್‌ಮನ್, ಪಾಂಡವಪುರ:

ಸಿಂಗಲ್ ಫೇಸ್ ಪ್ರಿವೆಂಟರ್ ಇದೆಯಾ ಅಂತ ಹೇಳಲೇ ಇಲ್ಲ ನೀವು.

ರೇಷ್ಮೆ ತೋಟ, ನಾಗಮಂಗಲ:

ಸ್ಟಾರ್ಟರಿನಲ್ಲಿ ಇದೆ ಸರ್, ಕೆಲಸ ಮಾಡುತ್ತಿದೆಯಾ ಅಂತ ಪರೀಕ್ಷೆ ಮಾಡಿಸಿದೆ. ಒಂದು ಫ್ಯೂಸ್ ತೆಗೆದು ನೋಡಿದರು, ತಕ್ಷಣ ಆಫ್ ಆಯಿತು. ಆಗ ಸುಟ್ಟದ್ದಕ್ಕೆ ಕಾರಣ ಬಹುಶಃ ಬೇರಿಂಗ್ ಒಡೆದು ಲೋಡ್ ಆದದ್ದೇ ಇರಬೇಕು. ಡ್ರೈ ರನ್ ರಿಲೇ ಇರಲಿಲ್ಲ, ಈ ವಾರ ಹಾಕಿಸುತ್ತೇನೆ.

ಗಿರಣಿ ನಡೆಸುವವಳು, ಮೈಸೂರು:

ಹಣ ಪೂರ್ತಿ ಬರದಿದ್ದರೂ ಬಿಲ್ ಬರೆಸಿಕೊಂಡು ಬಂದಿರಲ್ಲ, ಬಹಳ ಸಂತೋಷ. ಒಂದು ಕೆಲಸ ಮಾಡೋಣವೇ? ಮೋಟಾರ್ ಅಂಗಡಿಗೆ ಕೊಡುವಾಗ ಸಹಿ ಮಾಡಿಸಿಕೊಳ್ಳಲು ಒಂದು ಚೀಟಿಯ ಮಾದರಿ ಇಲ್ಲೇ ಬರೆಯೋಣ. ಎಲ್ಲರೂ ಪ್ರಿಂಟ್ ತೆಗೆದು ಇಟ್ಟುಕೊಳ್ಳಬಹುದು.

ವಕೀಲ, ಮಂಡ್ಯ:

ಉದ್ದ ಬೇಡ. ಉದ್ದ ಇದ್ದರೆ ಯಾರೂ ಸಹಿ ಹಾಕುವುದಿಲ್ಲ. ಹೀಗಿರಲಿ:

"ಇಂಥ ತಾರೀಖು, ಇಂಥವರ ಇಷ್ಟು ಎಚ್‌ಪಿ ಮೋಟಾರ್ ಮತ್ತು ಪಂಪ್ ಪರೀಕ್ಷೆಗೆ ಪಡೆದಿದ್ದೇವೆ. ಬಿಚ್ಚಿ ನೋಡುವ ಕೂಲಿ ಇಷ್ಟು. ನೋಡಿದ ಮೇಲೆ ಯಾವ ಕೆಲಸಕ್ಕೆ ಎಷ್ಟು ಅಂತ ತಿಳಿಸಿ, ಮಾಲೀಕರು ಒಪ್ಪಿದ ಕೆಲಸ ಮಾತ್ರ ಮಾಡುತ್ತೇವೆ. ತೆಗೆದ ಹಳೆ ತಂತಿ ಮತ್ತು ಬಿಡಿಭಾಗಗಳನ್ನು ಮಾಲೀಕರಿಗೆ ಕೊಡುತ್ತೇವೆ ಅಥವಾ ಅದರ ಬೆಲೆ ಕಳೆಯುತ್ತೇವೆ."

ಕೆಳಗೆ ಇಬ್ಬರ ಸಹಿ. ಸಹಿ ಹಾಕಲು ಒಪ್ಪದಿದ್ದರೆ ಇದೇ ಮಾತನ್ನು ಅಂಗಡಿಯ ನಂಬರಿಗೆ ಮೆಸೇಜ್ ಮಾಡಿ. ಬೇಡ ಅಂತ ಉತ್ತರ ಬರದಿದ್ದರೂ, ನೀವು ಮೊದಲೇ ತಿಳಿಸಿದ್ದಕ್ಕೆ ಅದು ದಾಖಲೆ.

ಮದ್ದೂರು ಕಬ್ಬು:

ಇದನ್ನು ನಮ್ಮ ಹಾಲಿನ ಡೈರಿ ಗೋಡೆಗೆ ಅಂಟಿಸುತ್ತೇನೆ. ಎತ್ತುವವರೇ ನೇರ ಅಂಗಡಿಗೆ ಒಯ್ದರೆ ಚೀಟಿ ಯಾರ ಕೈಯಲ್ಲಿ ಕೊಡಬೇಕು?

ವೈಂಡಿಂಗ್ ಕೆಲಸ, ಮೈಸೂರು:

ಅವರ ಕೈಯಲ್ಲೇ ಕೊಟ್ಟು ಕಳಿಸಿ, ಫೋಟೋ ನೀವು ಇಟ್ಟುಕೊಳ್ಳಿ. ಒಂದು ಸೇರಿಸಿ: ಮೋಟಾರಿನ ಸೀರಿಯಲ್ ನಂಬರ್. ಒಂದೇ ಥರದ ಮೋಟಾರುಗಳು ಅಂಗಡಿಯಲ್ಲಿ ಸಾಲಾಗಿ ಬಿದ್ದಿರುತ್ತವೆ, ಬೇಸಿಗೆಯಲ್ಲಂತೂ ಅದಲು ಬದಲು ಆಗುವುದು ಸುಲಭ. ಪ್ಲೇಟ್ ಮೇಲಿನ ಅಕ್ಷರ ಅಳಿಸಿದ್ದರೆ ಮೋಟಾರಿನ ಮೈಮೇಲೆ ಬಣ್ಣದಲ್ಲಿ ನಿಮ್ಮ ಊರಿನ ಹೆಸರು ಬರೆದು ಫೋಟೋ ತೆಗೆಯಿರಿ.